ಯಾರೂ ಮೀಟದ ಸ್ವರ

ಕೇಬಲ್ ಹಾಕದ ಎಲೆಕ್ಟ್ರಿಕ್ ಗಿಟಾರನ್ನು ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ಅದು ಬರೀ ಮರದ ಹಲಗೆ, ವೀಣೆಯ ಕೊಡದಂಥ ಪೊಳ್ಳು ಅದಕ್ಕಿಲ್ಲ. ತಂತಿಗಳ ಕೆಳಗಿನ ಪಿಕಪ್‌ನಲ್ಲಿ ಒಂದು ಅಯಸ್ಕಾಂತ, ಸುತ್ತ ಕೂದಲೆಳೆಯಂಥ ತಾಮ್ರದ ಸಾವಿರಾರು ಸುತ್ತು. ಉಕ್ಕಿನ ತಂತಿ ನಡುಗಿದಾಗ ಆ ಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡದ್ದೇ ಇದು. ಸುರುಳಿ ಕರೆಂಟಿನ ಗುಂಯ್ ಸದ್ದನ್ನೂ ಹಿಡಿಯುತ್ತಿತ್ತು. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಅದನ್ನು ಅಡಗಿಸಿದ. ಹಾರ್ಡ್ ರಾಕ್‌ನವರ ಮೆಚ್ಚಿನ ಹಂಬಕರ್ ಅದು.

ಇನ್ನು ಹಾರ್ಡ್ ರಾಕ್ ಗಿಟಾರಿನ ಆ ಗುಡುಗು ದನಿ. ಮೂಲತಃ ಅದೊಂದು ದೋಷ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಆಂಪ್‌ನ (ಆಂಪ್ಲಿಫೈಯರ್‌ನ) ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಕರ್ಕಶ ದನಿ ತೆಗೆದ. ಅಷ್ಟು ಹಿಂಸೆ ಬೇಕಿಲ್ಲ. ಆಂಪ್‌ನ ವಾಲ್ವ್‌ಗೆ ತಾಳಲಾರದಷ್ಟು ಸಿಗ್ನಲ್ ಉಣಿಸಿದರೆ, ಸೂರಿಗೆ ತಲೆ ತಾಗಿದಂತೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಆಗ ಮೂಲದಲ್ಲಿಲ್ಲದ ಮೇಲ್ಸ್ವರಗಳು ಏಳುತ್ತವೆ. ಈ ವಿಕೃತಿಯೇ ಡಿಸ್ಟಾರ್ಷನ್. ತಂಬೂರಿಯ ತಂತಿಯಡಿ ದಾರ ಸಿಕ್ಕಿಸಿ ದನಿಗೆ ಝೇಂಕಾರ ತರಿಸುವವರಿಗೆ ಈ ಆಸೆ ಹೊಸದೇನಲ್ಲ.

ತಂಬೂರಿಯಂತೆ ರಾಕ್ ಗಿಟಾರೂ ಷಡ್ಜ–ಪಂಚಮಕ್ಕೆ ಅಂಟಿಕೊಂಡಿರಲು ಕಾರಣವಿದೆ. 110 ಮತ್ತು 165 ಹರ್ಟ್ಸ್‌ನ ಎರಡು ಸ್ವರಗಳನ್ನು ಹೀಗೆ ಚಪ್ಪಟೆ ಮಾಡಿದರೆ ಅವುಗಳ ವ್ಯತ್ಯಾಸವೂ ದನಿಯಾಗುತ್ತದೆ: 55 ಹರ್ಟ್ಸ್, ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಯಾರೂ ಮೀಟದೆ ಬಂದ ಸ್ವರ! ನಡುವೆ ಗಿಟಾರಿನ ಗಾಂಧಾರ, 138.6 ಹರ್ಟ್ಸ್, ಸೇರಿಸಿ ನೋಡಿ. ಒಂದು ಕಡೆ 28.6, ಇನ್ನೊಂದು ಕಡೆ 26.4. ಒಂದಕ್ಕೊಂದು ಹೊಂದದ ಈ ವ್ಯತ್ಯಾಸಗಳಿಂದ ದನಿ ಕೆಸರಾಗುತ್ತದೆ.

ಹೊಸಬರು ಮೊದಲು ಮಾಡುವುದು ವಾಲ್ವ್‌ಗೆ ಸಿಗ್ನಲ್ ಹೆಚ್ಚಿಸುವ ಗೇನ್ ತಿರುಪನ್ನು ಕೊನೆಮುಟ್ಟಿಸುವುದು. ಆಗ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಮಟ್ಟಕ್ಕೆ ಬಂದು ಬೆರಳಿನ ಪೆಟ್ಟೇ ಮಾಯ. ನನ್ನ ಮಟ್ಟಿಗೆ ಗೇನ್‌ಗಿಂತ ದೊಡ್ಡ ಗುಟ್ಟು ಬಾಸನ್ನು ಎಲ್ಲಿ ಕಳೆಯುತ್ತೀರಿ ಎಂಬುದು. ದಪ್ಪ ತಂತಿಯ 82 ಹರ್ಟ್ಸ್‌ನ ಭಾರೀ ಅಲೆಯೇ ವಾಲ್ವನ್ನು ಮೊದಲು ಉಸಿರುಗಟ್ಟಿಸುತ್ತದೆ, ಮಿಕ್ಕ ಸ್ವರಗಳು ಅದರಡಿ ನಜ್ಜುಗುಜ್ಜಾಗುತ್ತವೆ. ಅದಕ್ಕೇ ಆಂಪ್‌ಗೆ ಮುಂಚೆ ಐಬನೇಜ್ ಟ್ಯೂಬ್ ಸ್ಕ್ರೀಮರ್‌ನಂಥ ಪೆಡಲ್ ಇಟ್ಟು, ಅದರ ವಿಕೃತಿ ಹೆಚ್ಚಿಸುವ ಡ್ರೈವ್ ತಿರುಪನ್ನು ಸೊನ್ನೆಯ ಹತ್ತಿರ, ಸದ್ದು ಹೆಚ್ಚಿಸುವ ಲೆವೆಲ್ ತಿರುಪನ್ನು ಪೂರ್ತಿ ಮೇಲೆ ಇಡುತ್ತಾರೆ. ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಅದು ಅಷ್ಟಾಗಿ ಎತ್ತುವುದಿಲ್ಲ. ಗಂಜಿಯಾಗಿದ್ದ ದನಿ ಉದುರುದುರು ಅನ್ನವಾಗುತ್ತದೆ. ಬಾಸ್ ಬೇಕೇ? ವಿಕೃತಿ ಮುಗಿದ ಮೇಲೆ ಸೇರಿಸಿಕೊಳ್ಳಿ.

ಮಿಡ್, ಅಂದರೆ ನಡುವಣ ಕಂಪನಗಳನ್ನು, ತಗ್ಗಿಸುವ ಚಟ ಅಂಟುವುದು ಮಲಗುವ ಕೋಣೆಯಲ್ಲಿ ಮೆಲ್ಲಗೆ ನುಡಿಸುವಾಗ. ಸದ್ದು ಕಡಿಮೆಯಿದ್ದಾಗ ಕಿವಿಗೆ ಮಂದ್ರ, ತಾರಗಳೆರಡೂ ಮಂಕು. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದಿದ್ದರು. ಹಾಗಾಗಿ ಎರಡು ತುದಿಗಳನ್ನೂ ಏರಿಸಿ ಖುಷಿಪಡುತ್ತೇವೆ. ವೇದಿಕೆಯ ಮೇಲಾದರೋ ಒಂದು ತುದಿ ಬಾಸ್ ಗಿಟಾರಿನದು, ಇನ್ನೊಂದು ಡ್ರಮ್ಸ್‌ನ ತಾಳಗಳದು. ನಮ್ಮ ಗಿಟಾರ್ ಎಲ್ಲಿ ಹೋಯಿತೆಂದು ಹುಡುಕಬೇಕು. ರೆಕಾರ್ಡಿಂಗ್‌ನಲ್ಲಿ ಗಿಟಾರಿನ ಟ್ರ್ಯಾಕನ್ನಷ್ಟೇ ಬಿಡಿಸಿ ಕೇಳಿದರೆ ಎಷ್ಟೋ ಸಲ ತೆಳ್ಳಗೆ, ಮೂಗಿನ ದನಿಯಂತಿರುತ್ತದೆ. ಬಾಸ್ ಗಿಟಾರಿನ ಟ್ರ್ಯಾಕ್ ತೆರೆದ ಕೂಡಲೇ ಅದಕ್ಕೆ ಮೈ ಬರುತ್ತದೆ.