ಗೋಡೆ ದೊಡ್ಡದು, ಮುಖ ಚಿಕ್ಕದು

ಚನ್ನಪಟ್ಟಣ: ಮೊನ್ನೆ ಸಂಜೆ ಪೇಟೆಯ ಹಳೇ ಸ್ಟುಡಿಯೋ ಒಂದರ ಬೆಂಚಿನ ಮೇಲೆ ಕೂತಿದ್ದೆ. ಕಲಾನಗರದ ಕಡೆಯಿಂದ ಅಣ್ಣ ತಮ್ಮ ಇಬ್ಬರು ಬಂದರು. ತಾಯಿ ತೀರಿಕೊಂಡು ಆರು ದಿನ. ಹನ್ನೊಂದನೇ ದಿನದ ತಿಥಿಗೆ ಫೋಟೋ ಬೇಕು. ಅಣ್ಣ ಮೊಬೈಲು ತೆಗೆದು ತೋರಿಸಿದ. ಯಾವುದೋ ಮದುವೆಯ ಗುಂಪಿನ ಫೋಟೋ. ಅದನ್ನೇ ಮೊಬೈಲಿನಲ್ಲಿ ಮತ್ತೆ ಹೊಡೆದು, ನಾಲ್ಕು ಜನರ ವಾಟ್ಸಾಪು ದಾಟಿ ಬಂದದ್ದು.

"ಹನ್ನೆರಡು ಹದಿನೈದು ಮಾಡ್ಕೊಡಿ ಸಾರ್. ಗೋಡೆ ತುಂಬಾ ಕಾಣ್ಬೇಕು. ದುಡ್ಡು ಎಷ್ಟಾದ್ರೂ ಆಗ್ಲಿ."

"ಮಾಡ್ತೀನಪ್ಪ. ಆದ್ರೆ ಅದ್ರಲ್ಲಿ ನಿಮ್ಮವ್ವ ಇರಲ್ಲ" ಅಂದರು ಯಜಮಾನರು.

ತಮ್ಮನ ಮುಖ ಕೆಂಪಾಯಿತು. ದುಃಖದಲ್ಲಿರುವವರಿಗೆ ಇದೇನು ಹೀಗಂದುಬಿಟ್ಟರು ಅಂತ ನನಗೂ ಅನ್ನಿಸಿತು. ಆದರೆ ಆ ಮಾತಿನ ಹಿಂದೆ ಲೆಕ್ಕವಿತ್ತು.

ಈ ಯಜಮಾನರು ಕೆಂಪು ದೀಪದ ಡಾರ್ಕ್ ರೂಮಿನಲ್ಲಿ ಕೈ ಪಳಗಿಸಿದವರು. ಡೆವಲಪರು, ಹೈಪೋ ತಟ್ಟೆಗಳಿದ್ದ ಆ ಕೋಣೆಯಲ್ಲಿ ಈಗ ಲ್ಯಾಮಿನೇಷನ್ ಯಂತ್ರ ಕೂತಿದೆ. ಸೈಜಿನ ಲೆಕ್ಕ ಮಾತ್ರ ಅವರ ತಲೆಯಲ್ಲಿ ಹಾಗೇ ಇದೆ.

ಹಿಂದೆ ಪ್ಲೇಟ್ ಕ್ಯಾಮೆರಾ ಇದ್ದಾಗ ಸೈಜಿನ ತಕರಾರೇ ಇರಲಿಲ್ಲ. ಹಾಫ್ ಪ್ಲೇಟ್ ಅಂದರೆ 4¾ × 6½ ಅಂಗುಲ, ಫುಲ್ ಪ್ಲೇಟ್ ಅಂದರೆ 6½ × 8½. ನೆಗೆಟಿವ್ ಮೇಲೆ ಪೇಪರು ಒತ್ತಿಟ್ಟು ಬೆಳಕು ಕೊಟ್ಟರೆ ಅಷ್ಟೇ ಅಳತೆಯ ಫೋಟೋ. ನೆಗೆಟಿವ್ ಚಿಕ್ಕದಾದಾಗ ಎನ್‌ಲಾರ್ಜರ್ ಬೇಕಾಯಿತು. 8 × 10, 10 × 12, 12 × 15, 16 × 20, ಯಾವುದು ಬೇಕು ಅಂತ ಗಿರಾಕಿಯನ್ನು ಕೇಳುವ ಕಾಲ ಬಂತು. ಗಿರಾಕಿ ಯಾವತ್ತೂ ದೊಡ್ಡದನ್ನೇ ಕೇಳುತ್ತಾನೆ.

ದೊಡ್ಡದಕ್ಕೆ ಖರ್ಚೂ ದೊಡ್ಡದು. ಒಂದು 16 × 20 ಹಾಳೆಯಲ್ಲಿ 8 × 10ರ ನಾಲ್ಕು ಹಾಳೆ ಕೂರುತ್ತವೆ. ಊಟಿಯಲ್ಲಿ ಸರ್ಕಾರದ್ದೇ ಕಾರ್ಖಾನೆ ಇತ್ತು, 1960ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್. 'ಇಂದು' ಹೆಸರಿನ ಫಿಲಂ, ಪೇಪರು ಬರುತ್ತಿದ್ದದ್ದು ಅಲ್ಲಿಂದ. ಈಗ ಅದೂ ಮುಚ್ಚಿದೆ. ಪೇಪರು ಕೆಟ್ಟರೆ ನಷ್ಟ ಸ್ಟುಡಿಯೋದವರಿಗೆ. 4 × 5ಕ್ಕೆ ಐದು ಸೆಕೆಂಡು ಬೆಳಕು ಸಾಕಾದ ನೆಗೆಟಿವ್‌ಗೆ 8 × 10 ಮಾಡುವಾಗ ಹದಿನೈದರಿಂದ ಇಪ್ಪತ್ತು ಸೆಕೆಂಡು ಬೇಕು. ಅದಕ್ಕೇ ಮೊದಲು ಬೆರಳಗಲ ಪೇಪರು ಕತ್ತರಿಸಿ ಪರೀಕ್ಷೆ ಮಾಡಿ, ಆಮೇಲೆ ಪೂರ್ತಿ ಹಾಳೆಗೆ ಕೈ ಹಾಕುತ್ತಿದ್ದರು.

ಇನ್ನೊಂದು ಪೇಚು ಕೇಳಿ. ಮೂವತ್ತೈದು ಎಂ.ಎಂ. ನೆಗೆಟಿವ್ ಅಳತೆ 24 × 36 ಮಿಲಿಮೀಟರು. ಅಗಲ 8 ಅಂಗುಲ ಮಾಡಿದರೆ ಉದ್ದ 12 ಆಗುತ್ತೆ. ಹಾಳೆ ಇರೋದು 10. ಉಳಿದ ಎರಡು ಅಂಗುಲ ಎಲ್ಲಿಗೆ ಹೋಗಬೇಕು? ಸಾಲಿನ ಕೊನೆಗೆ ನಿಂತ ಸೋದರಮಾವನ ಮೇಲೆ ಕತ್ತರಿ! ಮದುವೆ ಆಲ್ಬಂ ಬಂದ ದಿನ ಬೀಗರ ಮನೆಯಲ್ಲಿ ಎದ್ದ ಜಗಳಗಳಲ್ಲಿ ಕೆಲವು ಈ ಎರಡು ಅಂಗುಲದ್ದೇ.

ಈಗ ಆ ತಾಯಿಯ ವಿಷಯಕ್ಕೆ ಬರೋಣ. "ಮೂಲ ನೆಗೆಟಿವ್ ಹುಡುಕ್ಕೊಂಡು ಬನ್ನಿ" ಅಂತ ಯಜಮಾನರು ಇಬ್ಬರನ್ನೂ ವಾಪಸು ಕಳಿಸಿದರು. ಮಾರನೇ ದಿನ ತಮ್ಮ ಬಂದ. ಮದುವೆ ಮನೆಯವರ ಟ್ರಂಕಿನ ತಳದಲ್ಲಿ, ಬಟರ್ ಪೇಪರಿನ ಕವರಿನಲ್ಲಿ ಸಿಕ್ಕಿತ್ತಂತೆ. 120 ರೋಲಿನ ಚೌಕ ನೆಗೆಟಿವ್, ಎರಡೂಕಾಲು ಅಂಗುಲದ್ದು. ಏಳು ಜನ ನಿಂತಿದ್ದಾರೆ. ತಾಯಿಯ ಮುಖ ಒಂದು ಗೋಧಿ ಕಾಳಿನಷ್ಟು, ಐದು ಮಿಲಿಮೀಟರು.

ಹನ್ನೆರಡು ಹದಿನೈದರ ತುಂಬಾ ಮುಖವೇ ಇರಬೇಕು ಅಂದರೆ ಆ ಕಾಳು ಆರು ಅಂಗುಲ ಆಗಬೇಕು, ಅಂದರೆ ಮೂವತ್ತು ಪಟ್ಟು. ಫಿಲಮಿನ ಕಣಗಳೆಲ್ಲ ಮರಳಿನ ಹಾಗೆ ಎದ್ದು, ಕಣ್ಣು ಮೂಗು ಮಂಜಿನಲ್ಲಿ ಹೋಗುತ್ತೆ. ಎರಡು ಅಂಗುಲದ ಮುಖ ಸಾಕು ಅಂದರೆ ಹತ್ತೇ ಪಟ್ಟು. ಅಷ್ಟನ್ನು ಆ ನೆಗೆಟಿವ್ ತಡೆಯುತ್ತೆ. ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು, ಲೆಕ್ಕಕ್ಕೂ ನನಗೂ ದೂರ. ಇದು ಮಾತ್ರ ಅರ್ಥ ಆಯಿತು. ನಮ್ಮೂರಿನ ಬೊಂಬೆ ಕೆಲಸದವರೂ ಹಾಲೆ ಮರದ ತುಂಡು ನೋಡಿಯೇ ಬೊಂಬೆಯ ಅಳತೆ ಹೇಳುತ್ತಾರೆ. ಗೇಣುದ್ದದ ತುಂಡಿನಲ್ಲಿ ಮೊಳದ ಕುದುರೆ ಬರುವುದಿಲ್ಲ.

"ಕಂಪ್ಯೂಟರಲ್ಲಿ ಎಷ್ಟು ದೊಡ್ದಕ್ಕೆ ಬೇಕಾದ್ರೂ ಮಾಡ್ತಾರಂತಲ್ಲ ಸಾರ್?" ತಮ್ಮ ಕೇಳಿದ.

"ಮಾಡ್ತಾರೆ. ಇಲ್ದಿರೋ ಕಣ್ಣನ್ನ ಯಂತ್ರ ಊಹೆ ಮಾಡಿ ಕೂರಿಸ್ತದೆ. ಚೆನ್ನಾಗೂ ಕಾಣ್ತದೆ. ಆದ್ರೆ ಅದು ನಿಮ್ಮವ್ವನ ಕಣ್ಣಲ್ಲ. ನಾವೂ ಆಗ ಪೆನ್ಸಿಲಲ್ಲಿ ತಿದ್ದುತ್ತಿದ್ದೋ. ಜಾಸ್ತಿ ತಿದ್ದಿದ್ರೆ ಮನೆಯೋರೇ ಇದ್ಯಾರು ಅಂತ ಕೇಳೋರು."

ಕೊನೆಗೆ ಅವರು ನೆಗೆಟಿವ್ ಸ್ಕ್ಯಾನ್ ಮಾಡಿ, ಮುಖ ಭುಜ ಬರುವ ಹಾಗೆ 5 × 7 ತೆಗೆದು, ಸುತ್ತ ಬಿಳಿ ರಟ್ಟಿನ ಅಂಚು ಬಿಟ್ಟು 10 × 12 ಫ್ರೇಮಿನಲ್ಲಿ ಕೂರಿಸಿದರು. ಫ್ರೇಮು ಗೋಡೆಗೆ ಸಾಕಷ್ಟು ದೊಡ್ಡದು, ಚಿತ್ರ ನೆಗೆಟಿವ್‌ಗೆ ತಕ್ಕಷ್ಟು. ಒಯ್ಯಲು ಬಂದ ಅಣ್ಣ ಬಹಳ ಹೊತ್ತು ನೋಡಿದ. "ಹಿಂಗೇ ನಗ್ತಿದ್ಲು" ಅಂದ, ಅಷ್ಟೇ.

ಓದುಗರು ನೆನಪಿಡಬೇಕಾದ್ದು ಇಷ್ಟು. ಕೈಯಲ್ಲಿ ಹಿಡಿದು ನೋಡುವ ಫೋಟೋಗೆ 5 × 7 ಧಾರಾಳ. ಮೇಜಿಗೋ ಚಿಕ್ಕ ಕೋಣೆಗೋ 8 × 10. ಬಾಗಿಲ ಮೇಲೆ ಏರಿಸಿ ಆರೇಳು ಅಡಿಯಿಂದ ನೋಡುವುದಾದರೆ 12 × 15 ಕೇಳಿ. ದೂರ ಇದ್ದಷ್ಟೂ ಚಿತ್ರದ ಒರಟು ಕಣ್ಣಿಗೆ ಬೀಳುವುದಿಲ್ಲ. ಆದರೆ ಮುಖವೇ ಇಲ್ಲದ ಚಿತ್ರವನ್ನು ಯಾವ ದೂರವೂ ಉಳಿಸದು. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಸೊರಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ಎಲ್ಲಕ್ಕಿಂತ ಮುಖ್ಯ, ಮನೆಯ ಟ್ರಂಕಿನಲ್ಲಿರುವ ಹಳೇ ನೆಗೆಟಿವ್‌ಗಳನ್ನು ಹಬ್ಬದ ಧೂಳು ಹೊಡೆಯುವಾಗ ಕಸಕ್ಕೆ ಎಸೆಯಬೇಡಿ.

ಆ ರಾತ್ರಿ ಮನೆಗೆ ಹೋಗಿ ನಮ್ಮವ್ವನ ಫೋಟೋ ಹುಡುಕಿದೆ. ಸಿಕ್ಕಿದ್ದು ಅರ್ಜಿಗೆ ಅಂಟಿಸಿ ಉಳಿದ ಒಂದು ಪಾಸ್‌ಪೋರ್ಟ್ ಸೈಜು. ಭಾನುವಾರ ಸ್ಟುಡಿಯೋಗೆ ಹೋಗೋಣ ಬಾ ಅಂದೆ. ಈ ವಯಸ್ಸಲ್ಲಿ ನನಗ್ಯಾತರ ಫೋಟೋ ಅಂತ ಬೈದಳು. ಸ್ವಲ್ಪ ಹೊತ್ತು ಬಿಟ್ಟು, ಯಾವ ಸೀರೆ ಉಡ್ಲಿ ಅಂತ ತಾನೇ ಕೇಳಿದಳು.