ಹೊಗೆ ನೋಡಿ ರೋಗ ಹೇಳುವವರು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳು ಮಾತ್ರ ಇವತ್ತಿಗೂ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಬಂತೆಂದರೆ ಸಾಲುಗಟ್ಟಿ ಹೊರಡುವ ಬೈಕುಗಳ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ, ಓಡಿಸುವವರ ಅಭಿಮಾನದ ಬಗ್ಗೆ ನಾಲ್ಕು ಮಾತೂ ಬರುತ್ತದೆ. ಆ ಬೈಕುಗಳನ್ನು ಹೊರಡುವ ಸ್ಥಿತಿಯಲ್ಲಿ ಇಟ್ಟಿರುವ ಮೆಕ್ಯಾನಿಕ್‌ಗಳ ಕಸುಬಿನ ಬಗ್ಗೆ ಬಂದದ್ದು ಕಡಿಮೆ. ಆ ಕಸುಬಿನ ತೂಕ ತಿಳಿಯಬೇಕಾದರೆ ಎರಡು ಕೆಲಸ ನೋಡಬೇಕು: ಕ್ರ್ಯಾಂಕ್ ಸೀಲ್ ಹಾಕುವುದು, ಕ್ಲಚ್ ಕಟ್ಟುವುದು.

ಫೋರ್-ಸ್ಟ್ರೋಕ್ ಎಂಜಿನ್ನಿನ ಆಯಿಲ್ ಸೀಲ್ ಹೋದರೆ ನೆಲಕ್ಕೆ ಆಯಿಲ್ ತೊಟ್ಟಿಕ್ಕುತ್ತದೆ, ಒರೆಸಿಕೊಂಡು ಇನ್ನೊಂದು ವಾರ ಓಡಿಸಬಹುದು. ಯೆಜ್ಡಿಯದು ಹಾಗಲ್ಲ, ಅದು ಟೂ-ಸ್ಟ್ರೋಕ್. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸ್ ಒಳಗಿನ ಒತ್ತಡ ಇಳಿದು ಕಾರ್ಬುರೇಟರ್‌ನಿಂದ ಗಾಳಿ, ಪೆಟ್ರೋಲ್, ಆಯಿಲ್ ಕೂಡಿಯೇ ಒಳಬರುತ್ತವೆ; ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ಎಂಜಿನ್ ಉಸಿರಾಡುವುದೇ ಕ್ರ್ಯಾಂಕ್‌ಕೇಸಿನ ಮೂಲಕ. ಕ್ರ್ಯಾಂಕ್ ಶಾಫ್ಟಿನ ಎರಡೂ ತುದಿಯಲ್ಲಿ ಆ ಉಸಿರನ್ನು ಹಿಡಿದಿಟ್ಟಿರುವುದು ಒಂದೊಂದು ರಬ್ಬರ್ ಸೀಲ್.

ಎಡಗಡೆಯ ಸೀಲ್ ಹೋದರೆ ಪ್ರೈಮರಿ ಚೈನ್ ಮತ್ತು ಕ್ಲಚ್ ಮುಳುಗಿರುವ ಆಯಿಲನ್ನೇ ಎಂಜಿನ್ ಎಳೆದು ಕುಡಿಯುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಪ್ಲಗ್ ಒದ್ದೆ, ಗೇರ್‌ಬಾಕ್ಸಿನಲ್ಲಿ ಆಯಿಲ್ ಕಡಿಮೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಬಲಗಡೆ ಡೈನಮೋ ಪಕ್ಕದ ಸೀಲ್ ಹೋದರೆ ಹೊಗೆಯೇ ಕಾಣುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಹೊರಗಿನ ಗಾಳಿ ನುಗ್ಗಿ ಪೆಟ್ರೋಲ್, ಆಯಿಲ್ ಎರಡೂ ತೆಳುವಾಗುತ್ತವೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಸದ್ದು ಇಳಿಯದೆ ಏರುತ್ತಲೇ ಹೋಗುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಎಷ್ಟೋ ಮಾಲೀಕರು ಇದನ್ನು ಕಾರ್ಬುರೇಟರ್ ದೋಷವೆಂದುಕೊಂಡು ಜೆಟ್ ಬದಲಿಸುತ್ತಾ ಕೂರುತ್ತಾರೆ. ನುರಿತ ಮೇಸ್ತ್ರಿ ಕಾರ್ಬುರೇಟರ್ ಮುಟ್ಟುವ ಮೊದಲು ಇನ್‌ಟೇಕ್, ಸೈಲೆನ್ಸರ್ ದಾರಿಗಳನ್ನು ಮುಚ್ಚಿ, ಒಳಗೆ ಸ್ವಲ್ಪವೇ ಗಾಳಿ ತುಂಬಿ, ಸೀಲಿನ ಸುತ್ತ ಸೋಪಿನ ನೀರು ಸವರುತ್ತಾನೆ. ಗುಳ್ಳೆ ಎದ್ದಲ್ಲಿ ರೋಗ.

ಸೀಲ್ ತೆಗೆದ ಮೇಲಿನ ಹತ್ತು ನಿಮಿಷದಲ್ಲಿ ಕೆಲಸಗಾರ ಯಾರು, ಬರೀ ಪಾರ್ಟ್ ಬದಲಿಸುವವ ಯಾರು ಎಂದು ಗೊತ್ತಾಗುತ್ತದೆ. ಬಲ್ಲವನು ಶಾಫ್ಟ್ ಒರೆಸಿ, ಸೀಲಿನ ತುಟಿ ಕೂರುವ ಜಾಗದಲ್ಲಿ ಉಗುರು ಎಳೆಯುತ್ತಾನೆ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ, ಹೊಸ ಸೀಲೂ ಹೆಚ್ಚು ದಿನ ಬಾರದು. ಆಮೇಲೆ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡುತ್ತಾನೆ. ಮೇನ್ ಬೇರಿಂಗ್ ಸವೆದಿದ್ದರೆ ಶಾಫ್ಟ್ ಓಲಾಡಿ ಎಂಥ ಸೀಲನ್ನೂ ತಿಂದುಹಾಕುತ್ತದೆ. ಬೇರಿಂಗ್ ನೋಡದೆ ಸೀಲ್ ಹಾಕುವುದು ಗಿರಾಕಿಗೆ ಮಾಡುವ ಮೋಸ ಎಂದೇ ನಾನು ತಿಳಿದಿದ್ದೇನೆ. ಹೊಸ ಸೀಲ್ ಕೂರಿಸುವಾಗ ಶಾಫ್ಟಿನಲ್ಲಿ ಕೀ ಕೂರುವ ತೋಡಿನ ಅಂಚು ತುಟಿ ಕೊಯ್ಯದಂತೆ ತೆಳು ಪ್ಲಾಸ್ಟಿಕ್ ಸುತ್ತಿ, ತುಟಿಗೆ ಗ್ರೀಸ್ ಸವರಿ, ಸರಿ ಅಳತೆಯ ಪೈಪಿನಿಂದ ನಾಲ್ಕೂ ಕಡೆ ಸಮವಾಗಿ ತಟ್ಟುತ್ತಾನೆ. ಸ್ಕ್ರೂಡ್ರೈವರ್, ಸುತ್ತಿಗೆ ಹಿಡಿದು ಬಡಿಯುವವರ ಹತ್ತಿರ ಗಾಡಿ ಬಿಡಬಾರದು. ವರ್ಷಗಟ್ಟಲೆ ನಿಂತ ಬೈಕಿನ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ಬಗೆಯ ರಬ್ಬರ್ ಸರಿಯಾಗಿ ತಾಳುವುದಿಲ್ಲ. ಹಾಗಾಗಿ ತಿಳಿದವರು ವೈಟನ್ ರಬ್ಬರಿನ ಸೀಲನ್ನೇ ಹುಡುಕುತ್ತಾರೆ.

ಎಡಗಡೆಯ ಸೀಲಿಗೆ ಹೋಗುವ ದಾರಿಯಲ್ಲೇ ಕ್ಲಚ್ ಸಿಗುವುದರಿಂದ ಎರಡೂ ಕೆಲಸ ಒಟ್ಟಿಗೆ ಮುಗಿಸುವುದು ಜಾಣತನ. ಸವೆದ ಕಾರ್ಕ್ ಪ್ಲೇಟುಗಳ ಜಾಗಕ್ಕೆ ಬರುವ ಹೊಸವನ್ನು ರಾತ್ರಿಯಿಡೀ ಆಯಿಲಿನಲ್ಲಿ ನೆನೆಹಾಕಬೇಕು. ಉಕ್ಕಿನ ಪ್ಲೇಟನ್ನು ಗಾಜಿನ ಹಲಗೆ ಮೇಲಿಟ್ಟರೆ ಡೊಂಕು ತಾನೇ ಕಾಣುತ್ತದೆ. ನೀಲಿಗಟ್ಟಿದ್ದರೆ ಜಾರಿ ಜಾರಿ ಕಾಯ್ದಿದೆ ಎಂದು ಅರ್ಥ. ಕ್ಲಚ್ ಹೌಸಿಂಗಿನ ಬೆರಳುಗಳಲ್ಲಿ ಪ್ಲೇಟಿನ ಹಲ್ಲು ಕೊರೆದ ಕಚ್ಚುಗಳಿದ್ದರೆ ಪ್ಲೇಟುಗಳು ಸಲೀಸಾಗಿ ಜರುಗುವುದಿಲ್ಲ, ನ್ಯೂಟ್ರಲ್ ಸಿಗುವುದಿಲ್ಲ. ಸಣ್ಣ ಕಚ್ಚಾದರೆ ಅರ ಹಿಡಿದು ಉಜ್ಜಬಹುದು, ಆಳವಾಗಿದ್ದರೆ ಹೌಸಿಂಗೇ ಬೇರೆ ಬೇಕು.

ಕೊನೆಗೆ ಉಳಿಯುವುದು ಅಡ್ಜಸ್ಟ್‌ಮೆಂಟ್. ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು ಎಂಬುದು ಈ ಬೈಕಿನ ವೈಶಿಷ್ಟ್ಯ. ಗೇರ್ ಒತ್ತುವಾಗ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತದೆ, ಕೈಯ ಲಿವರ್ ಹಿಡಿಯಲೇಬೇಕೆಂದಿಲ್ಲ. ಈ ಏರ್ಪಾಡಿನಲ್ಲಿ ಬಿಡುವ ಸಣ್ಣ ಸಡಿಲಿಕೆ ಎಷ್ಟಿರಬೇಕೆಂದು ಮೇಸ್ತ್ರಿ ಕಾಲಿನಿಂದಲೇ ಅಳೆಯುತ್ತಾನೆ: ಗೇರ್ ಒತ್ತಿ, ಸ್ಕ್ರೂ ತಿರುಗಿಸಿ, ಮತ್ತೆ ಒತ್ತಿ.

2018ರಲ್ಲಿ ಜಾವಾ ಹೆಸರು ಮರಳಿ ಬಂದಿತು, ಆದರೆ ಲಿಕ್ವಿಡ್ ಕೂಲಿಂಗ್ ಇರುವ ಫೋರ್-ಸ್ಟ್ರೋಕ್ ಎಂಜಿನ್ನಿನೊಂದಿಗೆ. ಈಗ ಕೆಲಸಕ್ಕೆ ಸೇರುವ ಹುಡುಗರು ಕಲಿಯುವುದು ಅಂಥ ಎಂಜಿನ್ನುಗಳನ್ನೇ. ಹಳೆಯ ಯೆಜ್ಡಿ ಇಟ್ಟುಕೊಂಡವರು ಎಂಜಿನ್ ಬಿಚ್ಚುವ ದಿನ ಗ್ಯಾರೇಜಿಗೆ ಹೋಗಿ ಪಕ್ಕದಲ್ಲೇ ಕೂರಬೇಕು, ತೆಗೆದ ಸೀಲನ್ನು ಕೈಗೆ ತೆಗೆದುಕೊಂಡು ತುಟಿ ನೋಡಬೇಕು, ಬೇರಿಂಗ್ ಅಲುಗಿಸಿ ನೋಡಿದಿರಾ ಎಂದು ಕೇಳಬೇಕು. ಸಾಧ್ಯವಾದರೆ ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದೊಯ್ಯಬೇಕು.