ನಿರ್ವಾತದಲ್ಲಿ ವಿದ್ಯುಚ್ಚಾಪ: ಗಣಕದ ಲೆಕ್ಕವೂ ಅದರ ಮೇರೆಯೂ

ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂತಹ ಊರುಗಳಿಗೂ ಅಲ್ಲಿಯ ಹೊಲಗಳ ಪಂಪುಗಳಿಗೂ ವಿದ್ಯುತ್ತು 11 ಕಿಲೋವೋಲ್ಟಿನ ತಂತಿಗಳ ಮೂಲಕ ಬರುತ್ತದಷ್ಟೆ. ಬಿರುಗಾಳಿಯಲ್ಲಿ ಎರಡು ತಂತಿಗಳು ಒಂದನ್ನೊಂದು ತಾಗಿದರೆ ಉಪಕೇಂದ್ರದ ಸರ್ಕ್ಯೂಟ್ ಬ್ರೇಕರು ಕ್ಷಣಮಾತ್ರದಲ್ಲಿ ಪ್ರವಾಹವನ್ನು ಕಡಿಯಬೇಕು. ಇಲ್ಲವಾದರೆ ತಂತಿ ಕರಗೀತು, ಟ್ರಾನ್ಸ್‌ಫಾರ್ಮರು ಸುಟ್ಟೀತು. ಈ ವೋಲ್ಟೇಜಿನಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ನಿರ್ವಾತದ ಬ್ರೇಕರು. ನಿರ್ವಾತದಲ್ಲಿ ಪ್ರವಾಹವನ್ನು ಕಡಿಯಬಹುದೆಂಬುದನ್ನು 1926ರಲ್ಲಿ ಕ್ಯಾಲಿಫೋರ್ನಿಯದ ಸೊರೆನ್ಸೆನ್ ಮತ್ತು ಮೆಂಡೆನ್‌ಹಾಲ್ ತೋರಿಸಿಕೊಟ್ಟರು.

ಗಾಳಿಯೇ ಇಲ್ಲದೆಡೆ ಚಾಪವು ಹೇಗೆ ಹೊತ್ತೀತೆಂದು ವಿದ್ಯಾರ್ಥಿಯು ಕೇಳಬಹುದು. ಕೋಶದೊಳಗಿನ ತಾಮ್ರ-ಕ್ರೋಮಿಯಂ ಸ್ಪರ್ಶಕಗಳು ಅಗಲುವಾಗ ಕೊನೆಯ ಸ್ಪರ್ಶಬಿಂದುವು ಕರಗಿ, ಲೋಹವೇ ಬಾಷ್ಪವಾಗಿ ಅಯಾನೀಕರಿಸುತ್ತದೆ. ಬಳಿಕ ಋಣಾಗ್ರದ ಮೇಲೆ ಅಲೆದಾಡುವ ಉಜ್ವಲ ಬಿಂದುಗಳು ಬಾಷ್ಪವನ್ನು ಒದಗಿಸುತ್ತಿರುತ್ತವೆ. ತಾಮ್ರದಲ್ಲಿ ಒಂದೊಂದು ಬಿಂದುವೂ ಸುಮಾರು 100 ಆಂಪಿಯರ್ ಪ್ರವಾಹವನ್ನು ಹೊರುತ್ತದೆ. 50 ಹರ್ಟ್ಸ್‌ನ ಪ್ರವಾಹವು 10 ಮಿಲಿಸೆಕೆಂಡಿಗೊಮ್ಮೆ ಶೂನ್ಯಕ್ಕಿಳಿಯುವುದರಿಂದ, ಆಗ ಬಿಂದುಗಳು ಆರಿ, ಬಾಷ್ಪವು ಸುತ್ತಲಿನ ಲೋಹಕ್ಕೆ ಹತ್ತಿ ಗಟ್ಟಿಯಾಗಿ, ಚಾಪವು ನಂದುತ್ತದೆ. ಆದರೆ ಪ್ರವಾಹವು ಹಲವು ಸಾವಿರ ಆಂಪಿಯರುಗಳನ್ನು ಮೀರಿದಲ್ಲಿ ಚಾಪವು ತನ್ನದೇ ಕಾಂತಕ್ಷೇತ್ರದಿಂದ ಮುದುಡಿಕೊಂಡು ಧನಾಗ್ರದ ಒಂದೆಡೆಯನ್ನೇ ಕರಗಿಸಬಹುದು. ಶೂನ್ಯದ ತರುವಾಯವೂ ಅಲ್ಲಿಂದ ಬಾಷ್ಪವು ಏಳುತ್ತಿದ್ದರೆ ಚಾಪವು ಮರಳಿ ಹೊತ್ತುವ ಭಯವುಂಟು. ಇದನ್ನು ತಡೆಯಲು ಸ್ಪರ್ಶಕಗಳಲ್ಲಿ ಸೀಳುಗಳನ್ನು ಕೊರೆದು, ಪ್ರವಾಹವೇ ಅಕ್ಷದ ದಿಕ್ಕಿನಲ್ಲಿ ಕಾಂತಕ್ಷೇತ್ರವನ್ನು ಹುಟ್ಟಿಸುವಂತೆ ಮಾಡಿ, ಚಾಪವನ್ನು ಹರಡಿಸುವ ಉಪಾಯವೊಂದುಂಟು.

ಸೀಳುಗಳೆಷ್ಟು, ಅವುಗಳ ಓರೆಯೆಷ್ಟು ಎಂಬುದನ್ನು ಗೊತ್ತುಪಡಿಸಲು ಗಣಕವು ನೆರವಾಗುತ್ತದೆ. ಸ್ಪರ್ಶಕಗಳ ನಡುವಣ ಅವಕಾಶವನ್ನು ಕಿರುಭಾಗಗಳಾಗಿ ವಿಂಗಡಿಸಿ, ದ್ರವ್ಯ, ಸಂವೇಗ, ಶಕ್ತಿಗಳ ಸಮೀಕರಣಗಳನ್ನು ಮ್ಯಾಕ್ಸ್‌ವೆಲ್ಲನ ಸಮೀಕರಣಗಳೊಡನೆ ಬಿಡಿಸುತ್ತೇವೆ. ತೊಡಕು ಬರುವುದು ಇಲ್ಲಿಯೇ. ಋಣಾಗ್ರದ ಬಿಂದುವಿನ ಅಳತೆ ಮೈಕ್ರೋಮೀಟರುಗಳದು, ಅದು ಮಾರ್ಪಡುವ ಕಾಲ ನ್ಯಾನೋಸೆಕೆಂಡುಗಳದು. ಸ್ಪರ್ಶಕದ ಅಳತೆಯಾದರೋ ಸೆಂಟಿಮೀಟರುಗಳದು, ಚಾಪದ ಆಯುಷ್ಯ ಮಿಲಿಸೆಕೆಂಡುಗಳದು. ಇವೆರಡನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುವುದು ದುಸ್ಸಾಧ್ಯ. ಆದುದರಿಂದ ಬಿಂದುಗಳನ್ನು ಬಿಡಿಬಿಡಿಯಾಗಿ ಲೆಕ್ಕಿಸದೆ, ಪ್ರಯೋಗದಿಂದ ತಿಳಿದ ಮೊತ್ತಗಳನ್ನು ಅಂಚಿನ ನಿಬಂಧನೆಗಳಾಗಿ ಕೊಡುತ್ತೇವೆ: ಅಯಾನುಗಳ ವೇಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್, ಅಯಾನುಪ್ರವಾಹ ಒಟ್ಟು ಪ್ರವಾಹದ ಸುಮಾರು ಹತ್ತರಲ್ಲೊಂದು ಪಾಲು. ಪ್ಲಾಸ್ಮಾ ತೀರ ವಿರಳವಾದಾಗ ಅದನ್ನು ದ್ರವದಂತೆ ಭಾವಿಸುವುದೂ ಸಲ್ಲದು. ಆಗ ಕಣಗಳ ಗುಂಪುಗಳನ್ನೇ ಹಿಂಬಾಲಿಸಬೇಕಾಗುತ್ತದೆ.

ಇದರಿಂದ ಲೆಕ್ಕದ ಮೇರೆಯು ಸ್ಪಷ್ಟವಾಗುವುದು. ಯಾವ ವಿನ್ಯಾಸವನ್ನು ಪರೀಕ್ಷೆಗೆ ಒಯ್ಯಬೇಕೆಂಬುದನ್ನು ಅದು ಸೂಚಿಸಬಲ್ಲುದು; ಪರೀಕ್ಷೆಯ ಸ್ಥಾನವನ್ನು ಆಕ್ರಮಿಸಲಾರದು. ಕೊನೆಯ ತೀರ್ಪು 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂತಹ ಕಡೆ, ನಿಜವಾದ ಪ್ರವಾಹದ ಎದುರಿನಲ್ಲಿಯೇ ಆಗತಕ್ಕದ್ದು. ಈ ವಿಷಯಕ್ಕೆ ಇಳಿಯಬಯಸುವ ವಿದ್ಯಾರ್ಥಿಯು ಅಯಾನುವೇಗವನ್ನು ತುಸು ಬದಲಿಸಿ, ಉತ್ತರವು ಎಷ್ಟು ಮಾರ್ಪಡುವುದೆಂದು ಮೊದಲು ನೋಡಲಿ. ತನ್ನ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಆಗ ಅವನಿಗೇ ತಿಳಿದೀತು.